ಬೆಂಚಿನಿಂದ ಕಾಣುವ ಮೇಷ್ಟರು

ಹೈಸ್ಕೂಲಿನ ಮೇಷ್ಟರೊಬ್ಬರು ವರ್ಷವೊಂದರಲ್ಲಿ ಏನೇನು ಓದುತ್ತಾರೆ ಎಂದು ಲೆಕ್ಕ ಹಾಕಿ ನೋಡಿ. ಪಠ್ಯಪುಸ್ತಕ ಓದುತ್ತಾರೆ, ಇಲಾಖೆಯ ಸುತ್ತೋಲೆ ಓದುತ್ತಾರೆ, ಕಟ್ಟುಗಟ್ಟಲೆ ಉತ್ತರಪತ್ರಿಕೆ ಓದುತ್ತಾರೆ. ಸಾಹಿತ್ಯದ ಗೀಳಿರುವವರು ಇಷ್ಟೆಲ್ಲ ಮುಗಿಸಿದ ಮೇಲೂ ಕಾರಂತರನ್ನೋ ತೇಜಸ್ವಿಯವರನ್ನೋ ಕೈಗೆತ್ತಿಕೊಳ್ಳುತ್ತಾರೆ. ಆದರೆ ದಿನವೂ ತಮ್ಮೆದುರು ಕೂರುವ 13ರಿಂದ 16 ವರ್ಷದವರಿಗಾಗಿ ಬರೆದ ಕಾದಂಬರಿಗಳು ಈ ಲೆಕ್ಕದಲ್ಲಿ ಬರುವುದು ಕಡಿಮೆ. ಬಂದರೂ ಅದು ಕಾವಲುಗಾರನ ಓದು. ಇದನ್ನು ಮಕ್ಕಳ ಕೈಗೆ ಕೊಡಬಹುದೇ, ನೀತಿ ಏನಿದೆ, ಕೆಟ್ಟ ಮಾತು ಎಷ್ಟಿದೆ ಎಂದು ಜರಡಿ ಹಿಡಿಯುವ ಓದು. ಮೇಷ್ಟರಾದವರು, ಈ ಮಾತಿನಲ್ಲಿ ಟೀಚರಮ್ಮಂದಿರೂ ಸೇರಿದ್ದಾರೆ, ಇಂಥ ಕಾದಂಬರಿಗಳನ್ನು ಮೊದಲು ತಮ್ಮ ಸಲುವಾಗಿ ಓದಬೇಕು ಎಂಬುದು ನನ್ನ ವಾದ. ಬೆಂಚಿನ ಮೇಲೆ ಕೂತವರ ಕಣ್ಣಿಗೆ ತಾವು ಹೇಗೆ ಕಾಣುತ್ತೇವೆ ಎಂಬ ಸಂಗತಿ ಬಿ.ಎಡ್. ತರಗತಿಯಲ್ಲಿ ಸಿಗುವುದಿಲ್ಲ, ಶಾಲೆಗೆ ಬಂದುಹೋಗುವ ಅಧಿಕಾರಿಯ ವರದಿಯಲ್ಲಿ ಸಿಗುವುದಿಲ್ಲ. ಮಕ್ಕಳಂತೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಕಾದಂಬರಿಗಳಲ್ಲಿ ಅದು ಸಿಗುತ್ತದೆ.

ಹದಿಹರೆಯದವರ ಕಾದಂಬರಿ ಒಂದು ಬೇರೆ ಬಗೆಯಾಗಿ ಬೆಳೆದದ್ದು ಹೆಚ್ಚಾಗಿ ಅಮೆರಿಕದಲ್ಲಿ. ಅಲ್ಲಿನ ಗ್ರಂಥಾಲಯ ಸಂಘ 1957ರಲ್ಲೇ ಈ ವಯಸ್ಸಿನ ಓದುಗರಿಗಾಗಿ ಒಂದು ವಿಭಾಗ ತೆರೆದಿತ್ತು. ಆದರೆ ಈ ಬರವಣಿಗೆಗೆ ತನ್ನದೇ ದನಿ ಬಂದದ್ದು 1967ರಲ್ಲಿ, 'ದಿ ಔಟ್‌ಸೈಡರ್ಸ್' ಎಂಬ ಕಾದಂಬರಿಯಿಂದ ಎನ್ನುತ್ತಾರೆ. ಬರೆದವರು ಒಕ್ಲಹೋಮಾ ರಾಜ್ಯದ ಟಲ್ಸಾ ನಗರದ ಎಸ್. ಇ. ಹಿಂಟನ್. ಬರೆಯಲು ಶುರುಮಾಡಿದಾಗ ಅವರಿಗೆ 15 ವರ್ಷ, ಪುಸ್ತಕ ಅಚ್ಚಾಗಿ ಬಂದಾಗ 18. ಹುಡುಗರ ಗುಂಪುಗಳ ಹೊಡೆದಾಟದ ಕತೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆ ಎಂದು ತಿಳಿದರೆ ವಿಮರ್ಶಕರು ಓದದೆಯೇ ಬದಿಗಿಟ್ಟಾರು ಎಂದು ಪ್ರಕಾಶಕರು ಪೂರ್ತಿ ಹೆಸರು ಹಾಕದೆ ಇನಿಷಿಯಲ್ ಮಾತ್ರ ಹಾಕಿದರು. ಆ ಕಾದಂಬರಿ ಬರೆಯುತ್ತಿದ್ದ ವರ್ಷವೇ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ತಮಗೆ 'ಡಿ' ಗ್ರೇಡು ಬಂದಿತ್ತು ಎಂದು ಹಿಂಟನ್ ಅವರೇ ಹೇಳಿಕೊಂಡಿದ್ದಾರೆ. ಲಕ್ಷಾಂತರ ಮಕ್ಕಳು ಓದಿದ ಪುಸ್ತಕವೊಂದು ಅದೇ ತರಗತಿಯಲ್ಲಿ ಕೂತವಳ ಕೈಯಲ್ಲಿ ರೂಪುಗೊಳ್ಳುತ್ತಿತ್ತು. ಪಾಠ ಹೇಳುತ್ತಿದ್ದವರ ಕಣ್ಣಿಗೆ ಅದು ಬೀಳಲಿಲ್ಲ. ಆ ಗ್ರೇಡು ತಪ್ಪೋ ಸರಿಯೋ ಎಂದು ಇವತ್ತು ತೀರ್ಮಾನ ಕೊಡಲು ನಾವು ಯಾರೂ ಅಲ್ಲ. ಮೇಷ್ಟರ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತುತ್ತದೆ. ಹಿಂಟನ್ ಅವರ ನಂತರ ಬಂದ ಕಾದಂಬರಿಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿವೆ. ಕತೆಯನ್ನು 'ನಾನು' ಎಂದೇ ಹೇಳಲಿ 'ಅವನು' ಎಂದೇ ಹೇಳಲಿ, ಬಹುಮಟ್ಟಿಗೆ ಅದು ಆ ವಯಸ್ಸಿನವರ ಕಣ್ಣನ್ನು ಬಿಟ್ಟು ಆಚೆ ಹೋಗುವುದಿಲ್ಲ. ದೊಡ್ಡವರಾದ ಮೇಲೆ ಹಿಂದಿರುಗಿ ನೋಡಿ ಹೇಳುವ ಸಮಾಧಾನ ಅಲ್ಲಿಲ್ಲ. ಹಾಗಾಗಿ ಅಲ್ಲಿ ಬರುವ ಮೇಷ್ಟರು ಮಕ್ಕಳಿಗೆ ಆ ಗಳಿಗೆಯಲ್ಲಿ ಹೇಗೆ ಕಂಡರೋ ಹಾಗೆಯೇ ಕಾಣುತ್ತಾರೆ.

1974ರಲ್ಲಿ ಬಂದ ರಾಬರ್ಟ್ ಕಾರ್ಮಿಯರ್ ಅವರ 'ದಿ ಚಾಕೊಲೆಟ್ ವಾರ್' ಕಾದಂಬರಿಯನ್ನು ತೆಗೆದುಕೊಳ್ಳಿ. ಕಾರ್ಮಿಯರ್ ಮ್ಯಾಸಚೂಸೆಟ್ಸಿನ ಪತ್ರಕರ್ತರು. ಶಾಲೆಗೆ ಹಣ ಕೂಡಿಸಲು ಚಾಕೊಲೆಟ್ ಮಾರಲು ಅವರ ಮಗ ಒಪ್ಪದಿದ್ದದ್ದೇ ಈ ಕತೆಗೆ ಬೀಜ. ಕಾದಂಬರಿಯ ಆರಂಭದ ಕಡೆಗೆ ಬ್ರದರ್ ಲಿಯಾನ್ ಎಂಬ ಮೇಷ್ಟರ ಒಂದು ಪೀರಿಯಡ್ಡು ಬರುತ್ತದೆ. ತರಗತಿಯ ಒಬ್ಬ ಜಾಣ ಹುಡುಗನನ್ನು ಮುಂದೆ ಕರೆದು, ನೀನು ಪರೀಕ್ಷೆಯಲ್ಲಿ ನಕಲು ಮಾಡಿದ್ದೀಯ, ಇಲ್ಲದಿದ್ದರೆ ಇಷ್ಟು ಮಾರ್ಕ್ಸು ಹೇಗೆ ಬಂತು ಎಂದು ಕೇಳುತ್ತಾನೆ. ಕೈಲಿದ್ದ ಕಡ್ಡಿ ಹುಡುಗನ ಕೆನ್ನೆಗೆ ತಾಗುತ್ತದೆ, ಆಕಸ್ಮಿಕವೆಂಬಂತೆ ಕ್ಷಮೆಯನ್ನೂ ಕೇಳುತ್ತಾನೆ. ಮೊದಲು ತರಗತಿ ನಗುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಕೊನೆಗೆ ಹಿಂದಿನಿಂದ ಯಾರೋ ಒಬ್ಬ, ಅವನನ್ನು ಬಿಟ್ಟುಬಿಡಿ ಎನ್ನುತ್ತಾನೆ. ಕೂಡಲೇ ಲಿಯಾನ್ ಮಗ್ಗುಲು ಬದಲಿಸಿ, ಇಷ್ಟು ಹೊತ್ತು ಸುಮ್ಮನೆ ಕೂತಿರಲ್ಲ, ನಿಮ್ಮೆಲ್ಲರ ಪರೀಕ್ಷೆ ಇದು ಎಂದು ಇಡೀ ತರಗತಿಯ ಮೇಲೆ ತಿರುಗಿ ಬೀಳುತ್ತಾನೆ, ಹುಡುಗನನ್ನು ಹೊಗಳಿ ಕಳಿಸುತ್ತಾನೆ. ಹೊರಗಿನಿಂದ ನೋಡಿದವರಿಗೆ ಇದೊಂದು ನೀತಿಪಾಠ. ಬೆಂಚಿನ ಮೇಲಿದ್ದವರಿಗೆ ಗೊತ್ತು, ಅಲ್ಲಿ ನಡೆದದ್ದು ಹಿಂಸೆ, ನೀತಿಪಾಠ ಅದಕ್ಕೆ ಹೊದಿಸಿದ ಮುಸುಕು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಎಂದರೇನು ಎಂದು ಎಲ್ಲರಿಗೂ ಗೊತ್ತು. ಮಾನಸಿಕ ಕಿರುಕುಳ ಎಂಬ ಎರಡು ಪದ ತರಗತಿಯೊಳಗೆ ಯಾವ ರೂಪದಲ್ಲಿ ಬರುತ್ತದೆ, ಎಷ್ಟು ನಯವಾದ ಮಾತಿನಲ್ಲಿ ಬರುತ್ತದೆ, ಅದನ್ನು ಮಾಡುವವರಿಗೇ ತಾವು ಮಾಡುತ್ತಿರುವುದು ಪಾಠ ಎಂದು ಹೇಗೆ ಅನ್ನಿಸಬಹುದು ಎಂಬುದನ್ನು ಕಾಯ್ದೆ ತೋರಿಸಲಾರದು. ಕಾರ್ಮಿಯರ್ ಅವರ ಕೆಲವೇ ಪುಟಗಳು ತೋರಿಸುತ್ತವೆ.

ಕ್ರೂರಿಗಳನ್ನು ಗುರುತಿಸುವುದು ಸುಲಭ, ನಾನು ಹಾಗಿಲ್ಲ ಎಂದು ನೆಮ್ಮದಿಪಡುವುದೂ ಸುಲಭ. ನನ್ನ ವಾದಕ್ಕೆ ಹೆಚ್ಚು ಬಲ ಕೊಡುವುದು ಇನ್ನೊಂದು ಪುಸ್ತಕ. ಲಾರಿ ಹಾಲ್ಸ್ ಆಂಡರ್ಸನ್ ಅವರ 'ಸ್ಪೀಕ್', 1999ರದು. ಅದರ ನಾಯಕಿ ಮೆಲಿಂಡಾ ಒಂಬತ್ತನೇ ತರಗತಿಗೆ ಬರುವ ಮೊದಲಿನ ಬೇಸಿಗೆಯಲ್ಲಿ, ಒಂದು ಪಾರ್ಟಿಯಲ್ಲಿ, ತನ್ನದೇ ಶಾಲೆಯ ಹಿರಿಯ ವಿದ್ಯಾರ್ಥಿಯಿಂದ ಬಲಾತ್ಕಾರಕ್ಕೆ ಒಳಗಾಗಿದ್ದಾಳೆ. ಪೊಲೀಸರಿಗೆ ಫೋನು ಮಾಡಿದಳು, ಆದರೆ ನಡೆದದ್ದನ್ನು ಹೇಳಲಾಗಲಿಲ್ಲ. ಪಾರ್ಟಿ ಕೆಡಿಸಿದವಳು ಎಂದು ಗೆಳತಿಯರೆಲ್ಲ ದೂರವಾದರು. ಶಾಲೆ ಶುರುವಾದಾಗ ಅವಳು ಮಾತಾಡುವುದನ್ನೇ ಬಿಟ್ಟಿದ್ದಾಳೆ. ಯಾರೂ ಬಳಸದ, ಕಸಬರಿಕೆ ಬಕೆಟ್ಟು ಇಡುವ ಕೋಣೆಯೊಂದನ್ನು ಶಾಲೆಯಲ್ಲಿ ಹುಡುಕಿಕೊಂಡು ಅದರಲ್ಲಿ ಅಡಗಿ ಕೂರುತ್ತಾಳೆ. ಆಂಡರ್ಸನ್ ಈ ಕಾದಂಬರಿಯನ್ನು ಶಾಲಾ ವರ್ಷದ ನಾಲ್ಕು ಅವಧಿಗಳಾಗಿ ವಿಂಗಡಿಸಿದ್ದಾರೆ, ಪ್ರತಿ ಅವಧಿಯ ಕೊನೆಗೂ ಒಂದು ಮಾರ್ಕ್ಸ್ ಕಾರ್ಡು ಬರುತ್ತದೆ. ಗ್ರೇಡುಗಳು ಇಳಿಯುತ್ತ ಹೋಗುತ್ತವೆ. ಮೇಷ್ಟರು, ಪ್ರಾಂಶುಪಾಲರು, ಸಲಹೆಗಾರರು, ತಂದೆತಾಯಿ ಎಲ್ಲರೂ ಆ ಗ್ರೇಡನ್ನು ನೋಡುತ್ತಾರೆ. ಹುಡುಗಿ ಹಟ ಹಿಡಿದಿದ್ದಾಳೆ, ಗಮನ ಸೆಳೆಯಲು ಹೀಗೆ ಮಾಡುತ್ತಿದ್ದಾಳೆ ಎನ್ನುವಲ್ಲಿಗೆ ಅವರ ತನಿಖೆ ಮುಗಿಯುತ್ತದೆ. ಒಮ್ಮೆ ಮೆಲಿಂಡಾ ಸಮಾಜ ವಿಜ್ಞಾನಕ್ಕಾಗಿ ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರ ಬಗ್ಗೆ ಒಳ್ಳೆಯ ಪ್ರಬಂಧ ಬರೆಯುತ್ತಾಳೆ. ತರಗತಿಯ ಮುಂದೆ ನಿಂತು ಜೋರಾಗಿ ಓದಬೇಕು ಎಂಬುದು ನಿಯಮ. ಅವಳು ಓದುವುದಿಲ್ಲ, ಪ್ರತಿಗಳನ್ನು ಎಲ್ಲರಿಗೂ ಹಂಚುತ್ತಾಳೆ. ಮೇಷ್ಟರು ಅವಳನ್ನು ಶಿಕ್ಷಿಸುತ್ತಾರೆ.

ನಿಯಮದ ಪ್ರಕಾರ ಆ ಮೇಷ್ಟರು ತಪ್ಪು ಮಾಡಲಿಲ್ಲ. ಓದುಗರಾದ ನಮಗೆ ಅವಳ ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಮೊದಲಿನಿಂದ ಗುಮಾನಿ ಇದೆ, ಅವರಿಗೆ ಇಲ್ಲ. ಹಾಗಾದರೆ ಅವರು ಮಾಡಬಹುದಾಗಿದ್ದದ್ದು ಏನು? ಅದೇ ಕಾದಂಬರಿಯ ಚಿತ್ರಕಲಾ ಮೇಷ್ಟರು ಫ್ರೀಮನ್ ಅವರಿಗೂ ವಿಷಯ ಗೊತ್ತಿಲ್ಲ. ವರ್ಷವಿಡೀ ಒಂದೇ ವಸ್ತುವಿನ ಮೇಲೆ ಕೆಲಸ ಮಾಡಬೇಕು ಎಂದು ಅವರು ಚೀಟಿ ಎತ್ತಿಸುತ್ತಾರೆ, ಅವಳಿಗೆ ಮರ ಬರುತ್ತದೆ. ಬರೆದದ್ದು ಕೆಡುತ್ತದೆ, ಮತ್ತೆ ಬರೆಯುತ್ತಾಳೆ, ಮತ್ತೆ ಕೆಡುತ್ತದೆ. ಅವರು ಕೆದಕಿ ಕೇಳುವುದಿಲ್ಲ, ಕೈ ಬಿಡುವುದೂ ಇಲ್ಲ. ಒಬ್ಬ ಮೇಷ್ಟರು ಮೌನವನ್ನು ಅಪರಾಧವೆಂದು ಎಣಿಸಿದರು, ಇನ್ನೊಬ್ಬರು ಮೌನಕ್ಕೆ ಒಂದು ಕೆಲಸ ಕೊಟ್ಟರು. ಈ ಎರಡರ ನಡುವಿನ ಅಂತರ ಬೋಧನಾ ವಿಧಾನದ ಯಾವ ಪುಸ್ತಕದಲ್ಲೂ ಇಷ್ಟು ನಿಚ್ಚಳವಾಗಿ ಕಂಡೀತೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ತರಗತಿಗಳ ವಿಷಯಕ್ಕೆ ಬಂದರೆ ಇದು ಇನ್ನೂ ತೊಡಕಿನದು. ಮೆಲಿಂಡಾಳ ಮೌನಕ್ಕೆ ಕನಿಷ್ಠ ಶಿಕ್ಷೆಯಾದರೂ ಸಿಕ್ಕಿತು, ಅಂದರೆ ಯಾರೋ ಅದನ್ನು ಗಮನಿಸಿದರು. ನಮ್ಮಲ್ಲಿ ಬಾಯಿ ಬಿಡದ ಹುಡುಗಿಯನ್ನು ಬಹಳ ಸಲ ಶಿಸ್ತಿನ ಹುಡುಗಿ ಎಂದು ಮೆಚ್ಚಿಕೊಳ್ಳುತ್ತೇವೆ. ಮೆಚ್ಚುಗೆಯ ಹಿಂದೆ ಮರೆಯಾದ ಮೌನವನ್ನು ಕಾಣುವುದು ಶಿಕ್ಷೆಯ ಹಿಂದಿನದನ್ನು ಕಾಣುವುದಕ್ಕಿಂತ ಕಷ್ಟ.

ಇಂಗ್ಲೆಂಡಿನಿಂದಲೂ ಒಂದು ಪುಸ್ತಕ ಹೇಳಬೇಕು. ಬ್ಯಾರಿ ಹೈನ್ಸ್ ಅವರ 'ಎ ಕೆಸ್ಟ್ರೆಲ್ ಫಾರ್ ಎ ನೇವ್' 1968ರದು, ಮರುವರ್ಷವೇ ಕೆನ್ ಲೋಚ್ ಅದನ್ನು 'ಕೆಸ್' ಎಂಬ ಸಿನಿಮಾ ಮಾಡಿದರು. ಹದಿಹರೆಯದವರಿಗೆಂದು ಬರೆದದ್ದಲ್ಲದಿದ್ದರೂ ಅಲ್ಲಿನ ಶಾಲೆಗಳು ಅದನ್ನು ತಮ್ಮದಾಗಿಸಿಕೊಂಡವು. ಯಾರ್ಕ್‌ಷೈರಿನ ಕಲ್ಲಿದ್ದಲು ಸೀಮೆಯ ಬಡ ಹುಡುಗ ಬಿಲ್ಲಿ ಕ್ಯಾಸ್ಪರ್ ಡೇಗೆ ಜಾತಿಯ ಹಕ್ಕಿಯೊಂದನ್ನು ಸಾಕಿ ಪಳಗಿಸುತ್ತಾನೆ. ಶಾಲೆಯಲ್ಲಿ ಅವನು ಯಾತಕ್ಕೂ ಬಾರದವನು. ಫಾರ್ದಿಂಗ್ ಎಂಬ ಮೇಷ್ಟರು ಒಂದು ದಿನ ಅವನನ್ನು ಎಬ್ಬಿಸಿ ಹಕ್ಕಿಯ ಬಗ್ಗೆ ಹೇಳು ಎಂದಾಗ, ತರಗತಿಯಲ್ಲಿ ಮತ್ತಾರಿಗೂ ಗೊತ್ತಿಲ್ಲದ ಕಸುಬಿನ ಮಾತುಗಳನ್ನು ಬಳಸಿ ಅವನು ಪಾಠ ಹೇಳುತ್ತಾನೆ, ಮೇಷ್ಟರು ಕೇಳುತ್ತಾರೆ. ಇದು ಹೆಚ್ಚು ಪ್ರಸಿದ್ಧವಾದ ಸನ್ನಿವೇಶ. ನನಗೆ ಇನ್ನೊಂದು ಮುಖ್ಯವಾಗಿ ಕಾಣುತ್ತದೆ. ನಂಬಲಾಗದಂಥ ಒಂದು ಕಟ್ಟುಕತೆ ಬರೆಯಿರಿ ಎಂದಾಗ ಬಿಲ್ಲಿ ಬರೆಯುವುದು ರಾಕ್ಷಸರ ಕತೆಯನ್ನಲ್ಲ. ಬೆಳಿಗ್ಗೆ ಹೊಟ್ಟೆತುಂಬ ತಿಂಡಿ ಸಿಕ್ಕಿತು, ಬಿಟ್ಟುಹೋದ ಅಪ್ಪ ಮನೆಗೆ ಬಂದ, ಹೊಡೆಯುವ ಅಣ್ಣ ಸೈನ್ಯಕ್ಕೆ ಸೇರಿ ಹೊರಟುಹೋದ, ಶಾಲೆಯಲ್ಲಿ ಮೇಷ್ಟರುಗಳು ಪ್ರೀತಿಯಿಂದ ಮಾತಾಡಿಸಿದರು. ಬಿಲ್ಲಿಗೆ ನಂಬಲಾಗದ ಕಟ್ಟುಕತೆ ಎಂದರೆ ಇದು. ಒಳ್ಳೆಯ ಮೇಷ್ಟರು ಎಂಬುದು ಒಂದು ಮಗುವಿಗೆ ಕಲ್ಪನೆಯ ಕೊನೆಯ ಗಡಿ ಆಗಬಹುದು ಎಂದು ತಿಳಿದ ಮೇಲೆ ಮಾರನೇ ದಿನ ಹಾಜರಿ ಕೂಗುವ ದನಿ ಬದಲಾಗದಿರಲು ಸಾಧ್ಯವೇ?

ಈ ಪುಸ್ತಕಗಳ ಬಗ್ಗೆ ಕೇಳಿದವರು ಒಂದು ಆಕ್ಷೇಪ ಎತ್ತಬಹುದು. ಇವು ಕಾದಂಬರಿಗಳು, ಸಾಕ್ಷ್ಯಗಳಲ್ಲ. ಬರೆದವರೂ ದೊಡ್ಡವರೇ. ಅವರು ಕಟ್ಟಿದ ಮೇಷ್ಟರುಗಳನ್ನು ನಿಜವಾದ ಮೇಷ್ಟರು ಏಕೆ ಮೈಮೇಲೆ ಹಾಕಿಕೊಳ್ಳಬೇಕು? ಈ ಮಾತಿನಲ್ಲಿ ಹುರುಳಿದೆ. ಅಂಕಿ-ಅಂಶ ಬೇಕಾದವರು ಕಾದಂಬರಿಗೆ ಬರಬಾರದು. ಆದರೆ ಇವರು ಕೂತಲ್ಲೇ ಊಹಿಸಿ ಬರೆದವರಲ್ಲ. ಹಿಂಟನ್ ಬರೆಯುವಾಗ ಬೆಂಚಿನ ಮೇಲೇ ಇದ್ದರು. ಆಂಡರ್ಸನ್ 2019ರಲ್ಲಿ 'ಶೌಟ್' ಎಂಬ ಆತ್ಮಕಥನವನ್ನು ಪದ್ಯರೂಪದಲ್ಲಿ ಪ್ರಕಟಿಸಿ, 13ನೇ ವಯಸ್ಸಿನಲ್ಲಿ ತಮ್ಮ ಮೇಲೆ ನಡೆದ ಬಲಾತ್ಕಾರವನ್ನು ಬಹಿರಂಗವಾಗಿ ಹೇಳಿದರು. ಇನ್ನು ಹೈನ್ಸ್ ಸ್ವತಃ ದೈಹಿಕ ಶಿಕ್ಷಣದ ಮೇಷ್ಟರಾಗಿ ದುಡಿದವರು. ಅವರ ಕಾದಂಬರಿಯಲ್ಲಿ ಬಿಲ್ಲಿಯನ್ನು ಎಲ್ಲರಿಗಿಂತ ಹೆಚ್ಚು ಗೋಳುಹೊಯ್ದುಕೊಳ್ಳುವವನು ದೈಹಿಕ ಶಿಕ್ಷಣದ ಮೇಷ್ಟರೇ. ತಮ್ಮ ಕಸುಬಿನವನನ್ನೇ ಎದುರಿನ ಬೆಂಚಿನಿಂದ ನೋಡಿ ಅಷ್ಟು ನಿಷ್ಠುರವಾಗಿ ಬರೆಯಲು ಒಬ್ಬ ಮೇಷ್ಟರಿಗೆ ಸಾಧ್ಯವಾಯಿತು. ಉಳಿದ ಮೇಷ್ಟರಿಗೆ ಅದನ್ನು ಓದುವುದಾದರೂ ಸಾಧ್ಯವಾಗಬೇಕು.

ಈ ಕಾದಂಬರಿಗಳು ಮೇಷ್ಟರ ಮೇಲೆ ಹಗೆ ಸಾಧಿಸುತ್ತವೆ ಎಂಬುದೂ ನಿಜವಲ್ಲ. 'ದಿ ಔಟ್‌ಸೈಡರ್ಸ್' ಕಾದಂಬರಿಯ 14 ವರ್ಷದ ಪೋನಿಬಾಯ್ ಗೆಳೆಯರ ಸಾವು ಕಂಡು ಕುಸಿದು, ಇಂಗ್ಲಿಷಿನಲ್ಲಿ ನಪಾಸಾಗುವ ಹಂತಕ್ಕೆ ಬಂದಿದ್ದಾನೆ. ನಿನಗೆ ಬೇಕಾದ ವಿಷಯದ ಮೇಲೆ ಒಂದು ಒಳ್ಳೆಯ ಪ್ರಬಂಧ ಬರೆದು ತಾ, ಪಾಸು ಮಾಡುತ್ತೇನೆ ಎನ್ನುತ್ತಾರೆ ಮೇಷ್ಟರು. ನಾವು ಅಷ್ಟು ಹೊತ್ತೂ ಓದಿದ್ದು ಅದೇ ಪ್ರಬಂಧ ಎಂದು ಕೊನೆಯಲ್ಲಿ ತಿಳಿಯುತ್ತದೆ. ಒಬ್ಬ ಮೇಷ್ಟರ ಸಣ್ಣ ರಿಯಾಯಿತಿಯಿಂದ ಇಡೀ ಕಾದಂಬರಿ ಹುಟ್ಟಿತು. ಕ್ಯಾಥರಿನ್ ಪ್ಯಾಟರ್ಸನ್ ಅವರ 1977ರ 'ಬ್ರಿಜ್ ಟು ಟೆರಾಬಿಥಿಯಾ' ಇನ್ನೂ ಸೂಕ್ಷ್ಮ. ಅದು ಸ್ವಲ್ಪ ಚಿಕ್ಕ ವಯಸ್ಸಿನವರ ಕತೆ, ಐದನೇ ತರಗತಿಯದು. ಮಿಸೆಸ್ ಮೈಯರ್ಸ್ ಎಂಬ ಟೀಚರನ್ನು ಮಕ್ಕಳು ಅಡ್ಡಹೆಸರಿಟ್ಟು ಹಂಗಿಸುತ್ತಾರೆ, ಓದುಗರಿಗೂ ಆಕೆ ಗಡಸು ಹೆಂಗಸೆಂದೇ ಅನ್ನಿಸುತ್ತದೆ. ಜೆಸ್ ಎಂಬ ಹುಡುಗನ ಜೀವದ ಗೆಳತಿ ಹಳ್ಳದಲ್ಲಿ ಬಿದ್ದು ಸಾಯುತ್ತಾಳೆ. ಅವನು ಶಾಲೆಗೆ ಮರಳಿದ ದಿನ ಟೀಚರು ಅವನನ್ನು ಹೊರಗೆ ಕರೆಯುತ್ತಾರೆ. ಬೈಗುಳ ಕಾದಿದೆ ಎಂದುಕೊಂಡೇ ಅವನು ಹೋಗುತ್ತಾನೆ. ತನ್ನ ಗಂಡ ಸತ್ತಾಗ ಜನ ಅಳಬೇಡ ಎಂದರು, ಮರೆಯುವಂತೆ ಮಾಡಲು ನೋಡಿದರು, ತನಗೆ ಮರೆಯುವುದು ಬೇಕಿರಲಿಲ್ಲ ಎಂದು ಆಕೆ ಆ ಹುಡುಗನಿಗೆ ಹೇಳುತ್ತಾರೆ. ಅಷ್ಟೇ. ಒಂದು ಪುಟವೂ ಆಗದ ಆ ಮಾತುಕತೆಯಲ್ಲಿ ಮಗು ಟೀಚರನ್ನು ಮೊದಲ ಸಲ ಮನುಷ್ಯಳಾಗಿ ಕಾಣುತ್ತದೆ. ಬೆಂಚಿನಿಂದ ನೋಡುವ ಕಣ್ಣು ಅಷ್ಟು ಬೇಗ ಕ್ಷಮಿಸುತ್ತದೆ, ಕಾಯುತ್ತಿರುತ್ತದೆ ಕೂಡ. ಇದನ್ನು ತಿಳಿಯುವುದು ಮೇಷ್ಟರಿಗೆ ಭರವಸೆಯ ಸಂಗತಿ.

ಇಷ್ಟು ಕತ್ತಲೆಯ ಪುಸ್ತಕಗಳು ಮಕ್ಕಳಿಗೆ ಏಕೆ ಎಂಬ ತಕರಾರು ಅಮೆರಿಕದಲ್ಲೂ ಹಳೆಯದು. 'ದಿ ಚಾಕೊಲೆಟ್ ವಾರ್', 'ಸ್ಪೀಕ್' ಎರಡನ್ನೂ ಶಾಲೆಗಳಿಂದ ತೆಗೆಸಬೇಕೆಂದು ಪೋಷಕರು ಪದೇಪದೇ ಕೇಳಿದ್ದಾರೆ. ಮಕ್ಕಳಿಗೆ ಯಾವುದನ್ನು ಯಾವಾಗ ಕೊಡಬೇಕು ಎಂಬುದು ಬೇರೆ ಚರ್ಚೆ, ಅದರಲ್ಲಿ ಪೋಷಕರಿಗೂ ಮಾತು ಇರಬೇಕು. ಆದರೆ ಇವತ್ತಿನ ನನ್ನ ಮಾತು ಮೇಷ್ಟರ ಓದಿನದು. ಮಗುವಿಗೆ ಭಾರವಾದೀತು ಎಂದು ಹೆದರುವ ಕತ್ತಲೆ ಕೆಲವು ಮಕ್ಕಳ ಪಾಲಿಗೆ ಆಗಲೇ ಬಂದಿರುತ್ತದೆ. ಅದನ್ನು ಹೊತ್ತು ಅವರು ಮೂರನೇ ಸಾಲಿನಲ್ಲಿ ಕೂತಿರುವಾಗ ಮೇಷ್ಟರೊಬ್ಬರೇ ಬೆಳಕಿನ ಪುಸ್ತಕಗಳನ್ನಷ್ಟೇ ಓದಿಕೊಂಡಿರುವುದು ಯಾವ ನ್ಯಾಯ?

ಇವೆಲ್ಲ ಪರದೇಶದ ಶಾಲೆಗಳು, ನಮಗೆ ಹೇಗೆ ಹೊಂದುತ್ತವೆ ಎಂಬ ಪ್ರಶ್ನೆ ನನಗೂ ಇದೆ. ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಕೊಡಲು ಬೇಕಾದಷ್ಟಿದೆ. ರಾಜರತ್ನಂ ಇದ್ದಾರೆ, ಕುವೆಂಪು ಅವರ ಕಿಂದರಿಜೋಗಿ ಇದ್ದಾನೆ. ದೊಡ್ಡವರ ಕಾದಂಬರಿಗೂ ಕೊರತೆಯಿಲ್ಲ. ನಡುವಿನ ಹೈಸ್ಕೂಲು ವಯಸ್ಸಿಗೆ ಬಂದಾಗ ಕಪಾಟು ಬಡವಾಗುತ್ತದೆ. ಬೆಂಚಿನ ಕಣ್ಣು ನಮ್ಮಲ್ಲಿ ಇಲ್ಲವೆಂದಲ್ಲ, ಅದು ಆತ್ಮಕಥೆಗಳಲ್ಲಿದೆ. ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ', ಭೈರಪ್ಪನವರ 'ಭಿತ್ತಿ' ಓದಿದವರಿಗೆ ಜಾತಿ ಮತ್ತು ಬಡತನ ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಹೊರಗೆ ಉಳಿಯುವುದಿಲ್ಲ ಎಂದು ಗೊತ್ತಿರುತ್ತದೆ. ಮೇಷ್ಟರು ಇವನ್ನೂ ಅಗತ್ಯವಾಗಿ ಓದಬೇಕು. ಆದರೂ ಒಂದು ವ್ಯತ್ಯಾಸ ಇದೆ. ಆತ್ಮಕಥೆಯ ಮುಖಪುಟದಲ್ಲೇ ಆ ಹುಡುಗ ಗೆದ್ದು ಬಂದ ಸುದ್ದಿ ಇರುತ್ತದೆ. ಅವನು ಓದಿದ, ಅಧ್ಯಾಪಕನಾದ, ಹೆಸರಾದ ಎಂದು ತಿಳಿದೇ ನಾವು ಅವನ ಹಸಿವಿನ ಪುಟಗಳನ್ನು ಓದುತ್ತೇವೆ. ತರಗತಿಯಲ್ಲಿ ಮೇಷ್ಟರ ಮುಂದೆ ಕೂತ ಮಗುವಿನ ಮುಖಪುಟ ಇನ್ನೂ ಅಚ್ಚಾಗಿಲ್ಲ. ಮೆಲಿಂಡಾ ಬಾಯಿ ಬಿಡುತ್ತಾಳೋ ಇಲ್ಲವೋ ಎಂಬ ಆತಂಕದಲ್ಲಿ ಪುಟ ತಿರುಗಿಸುವಾಗ ಮೇಷ್ಟರು ಇರುವುದು ತಮ್ಮ ತರಗತಿಯ ನಿಜವಾದ ಸ್ಥಿತಿಯಲ್ಲಿ. ಏನಾಗುತ್ತದೆ ಎಂದು ಅಲ್ಲೂ ಗೊತ್ತಿಲ್ಲ, ಇಲ್ಲೂ ಗೊತ್ತಿಲ್ಲ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಇನ್ನೊಂದಿದೆ. ಮೇಷ್ಟರು ಓದಿದ್ದೆಲ್ಲ ಕೊನೆಗೆ ಪ್ರಶ್ನೆಪತ್ರಿಕೆಯಾಗುತ್ತದೆ. ಮಕ್ಕಳಿಗೆ ತಮ್ಮದೇ ಆದ ಒಂದು ಮೂಲೆ ಇದ್ದರೆ ಅಲ್ಲಿಗೂ ಮೇಷ್ಟರು ಬಂದು ಪಾತ್ರಚಿತ್ರಣ ಬರೆಯಿರಿ, ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ ಎನ್ನುತ್ತಾರೆ, ಮೆಲಿಂಡಾಳ ಕೋಣೆಯ ಬೀಗ ಒಡೆದ ಹಾಗಾಗುತ್ತದೆ. ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ತಮ್ಮ ಸಲುವಾಗಿ ಓದಬೇಕು ಎಂದು ಮೊದಲಲ್ಲೇ ಹೇಳಿದ್ದು. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ಒಂದು ವಿಚಾರ ಮುಂದಿಟ್ಟರು: ಅರ್ಥ ಪುಸ್ತಕದಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ, ಓದುವವರ ಬಾಳು ಮತ್ತು ಪುಸ್ತಕ ಕೂಡಿದಾಗ ಅದು ಹುಟ್ಟುತ್ತದೆ. ಇದನ್ನು ಮಕ್ಕಳ ಓದಿನ ಬಗ್ಗೆ ಮೇಷ್ಟರಿಗೆ ಬಹಳ ಸಲ ಹೇಳಿಕೊಟ್ಟಿದ್ದಾರೆ. ಮೇಷ್ಟರ ಓದಿಗೂ ಅದು ಸಲ್ಲುತ್ತದೆ. ಬ್ರದರ್ ಲಿಯಾನ್‌ನ ಪೀರಿಯಡ್ಡನ್ನು ಒಬ್ಬ ಮೇಷ್ಟರು ಓದುವಾಗ ಅವರ ಬಾಳಿನಿಂದ ಏನು ಎದ್ದು ಬರುತ್ತದೆಯೋ ಅದು 15ರ ಹುಡುಗನಿಗೆ ಬರುವುದಕ್ಕಿಂತ ಬೇರೆ. ಅದನ್ನು ತರಗತಿಯಲ್ಲಿ ಹೇಳಬೇಕಾಗಿಲ್ಲ, ಟಿಪ್ಪಣಿ ಮಾಡಬೇಕಾಗಿಲ್ಲ, ಮಾರ್ಕ್ಸು ಹಾಕಬೇಕಾಗಿಲ್ಲ. ಮರುದಿನ ಒಬ್ಬ ಹುಡುಗನನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವ ಮೊದಲು ಅರೆಗಳಿಗೆ ತಡೆದರೆ ಸಾಕು.

ಬೇಸಿಗೆ ರಜೆ ಬರುತ್ತದೆ. ಹೈಸ್ಕೂಲು ಮೇಷ್ಟರುಗಳಲ್ಲಿ ನನ್ನ ವಿನಂತಿ ಇಷ್ಟು: ಈ ರಜೆಯಲ್ಲಿ ಇಂಥದ್ದೊಂದು ಕಾದಂಬರಿಯನ್ನು, ಇಂಗ್ಲಿಷಿನಲ್ಲಾದರೂ ಸರಿ, ಕೈಯಲ್ಲಿ ಪೆನ್ನು ಹಿಡಿಯದೆ ಓದಿ. ನಿಮ್ಮಲ್ಲಿ ಬರೆಯುವವರಿದ್ದರೆ ಅವರಿಗೆ ಇನ್ನೊಂದು ಮಾತು. ಆ ಹಕ್ಕಿಯ ಹುಡುಗನ ಕತೆ ಬರೆದದ್ದು ಶಾಲೆಯ ಮೇಷ್ಟರು. ಕನ್ನಡದ ಎಂಟನೇ, ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳು ನಿಮ್ಮ ಮುಂದೆಯೇ ಕೂತಿದ್ದಾರೆ. ಅವರ ಕಣ್ಣಿನಿಂದ ನಿಮ್ಮನ್ನು ನೋಡಿ ನೀವೇ ಒಂದು ಕಾದಂಬರಿ ಬರೆಯಿರಿ.